‘ಆಗ್ತದೆ’ ಎಂಬ ಮಾತು

ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸ ಎಂತದ್ದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕಾಲಿಗೆ ತಳೆ ಹಾಕಿ ಮರ ಏರಬೇಕು, ಗೊನೆಗೆ ಬೋರ್ಡೊ ದ್ರಾವಣ ಬಿಡಬೇಕು, ಇಳಿದು ಇನ್ನೊಂದಕ್ಕೆ ಏರಬೇಕು. ನನ್ನ ನೆರೆಯವನೊಬ್ಬ ಇಪ್ಪತ್ತು ವರ್ಷ ಇದನ್ನೇ ಮಾಡಿದವ. ರಸ್ತೆ ದಾಟುವಾಗ ಬೈಕು ತಾಗಿ ಅವನ ಬಲ ಮೊಣಕಾಲು ಮುರಿಯಿತು. ಎಲುಬು ಕೂಡಿತು, ಆದರೆ ಮೊದಲಿನ ಬಲ ಬರಲಿಲ್ಲ. ಪರಿಹಾರದ ಕೇಸಿಗೆ ವೈದ್ಯರ ಪ್ರಮಾಣಪತ್ರ ಬೇಕಾಯಿತು. ಅವನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಮಲಯಾಳದಲ್ಲಿ ಹೇಳಲು ನಾನು ಜೊತೆಗೆ ಹೋದೆ.

“ಮೆಟ್ಟಿಲು ಹತ್ತಲು ಆಗ್ತದಾ?” ಎಂದು ವೈದ್ಯರು ಕೇಳಿದರು. “ಆಗ್ತದೆ” ಅಂದ. ನಾನು ಹಾಗೆಯೇ ಹೇಳಿದೆ. ಕುಕ್ಕರಗಾಲಿನಲ್ಲಿ ಕೂರಲು ಹೇಳಿದಾಗ ಹಲ್ಲು ಕಚ್ಚಿ ಕೂತು ತೋರಿಸಿದ. ಅವನ ಮನೆಗೆ ನಾಲ್ಕೇ ಮೆಟ್ಟಿಲು. ಹತ್ತಿದ ಮೇಲೆ ಜಗಲಿಯಲ್ಲಿ ಕೂತು ಕಾಲು ನೀವಿಕೊಳ್ಳುವುದನ್ನು ನಾನು ದಿನಾ ನೋಡಿದವ. ಅದನ್ನು ಅವನು ಹೇಳಲಿಲ್ಲ. ಹೇಳದ್ದನ್ನು ಸೇರಿಸುವುದು ದುಭಾಷಿಯ ಕೆಲಸವಲ್ಲ ಎಂದು ನಾನೂ ಸುಮ್ಮನಾದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವನ ಕಾಲು ನಡುಗುತ್ತಿತ್ತು. ನನ್ನ ಆ ಮೌನ ಸತ್ಯವೋ ಸುಳ್ಳೋ?

ಈ ವಿಷಯದಲ್ಲಿ ಕಾನೂನು ನಾವು ತಿಳಿದದ್ದಕ್ಕಿಂತ ಸೂಕ್ಷ್ಮವಾಗಿ ಉಂಟು. ಕೆಲಸದಲ್ಲಿ ಗಾಯಗೊಂಡವರ ಪರಿಹಾರಕ್ಕೆಂದು 1923ರಲ್ಲಿ ಬಂದ ಕಾಯ್ದೆಯ ಪಟ್ಟಿ ಹೆಬ್ಬೆರಳಿಗೆ ಶೇ. 30, ಇಡೀ ತೋರುಬೆರಳಿಗೆ ಶೇ. 14 ಎಂದು ಲೆಕ್ಕ ಹಾಕುತ್ತಿತ್ತು. ಆದರೆ ವಾಹನ ಅಪಘಾತಕ್ಕೆ ಸಂಬಂಧಿಸಿದ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದ್ದು ಬೇರೆ: ಅಂಗದ ಊನ ಎಷ್ಟೋ ದುಡಿಮೆಯ ನಷ್ಟವೂ ಅಷ್ಟೇ ಎಂದು ತಿಳಿಯಬಾರದು. ಎಡಗೈ ಹೋದರೆ ಬಡಗಿಯ ದುಡಿಮೆ ಪೂರ್ತಿ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ಸಂಬಳ ನಿಲ್ಲದೆ ಇರಬಹುದು. ಅವನು ಏನು ಮಾಡುತ್ತಿದ್ದ, ಈಗ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಬೇಕು.

ಹೀಗೆ ನೋಡಬೇಕಾದರೆ ಉತ್ತರ ಪೂರ್ತಿ ಇರಬೇಕು. ಎಷ್ಟು ಹೊತ್ತು ಆಗುತ್ತದೆ? ಎಷ್ಟು ಭಾರ ಹೊತ್ತು? ಎಷ್ಟು ಸಲ? ಮರುದಿನವೂ ಆಗುತ್ತದಾ? ಒಮ್ಮೆ ಕೂತು ಎದ್ದದ್ದು ಒಂದು ದಿನದ ಕೆಲಸಕ್ಕೆ ಸಾಕ್ಷಿಯಲ್ಲ.

“ಏನೂ ಆಗುವುದಿಲ್ಲ ಅಂತಲೇ ಹೇಳು, ದುಡ್ಡು ಕಂಪೆನಿಯದ್ದು” ಎಂದು ಅವನಿಗೆ ಬುದ್ಧಿ ಹೇಳಿದವರೂ ಇದ್ದರು. ಅದು ಸರಿಯಲ್ಲ. ಒಬ್ಬ ಸುಳ್ಳು ನರಳಿದರೆ ಮುಂದೆ ನಿಜವಾಗಿ ನರಳುವವನನ್ನು ಯಾರೂ ನಂಬುವುದಿಲ್ಲ. ಆದರೆ ಮಾನಕ್ಕೆ ಅಂಜಿ ನೋವು ನುಂಗಿದ ‘ಆಗ್ತದೆ’ಯೂ ಪೂರ್ತಿ ಸತ್ಯವಲ್ಲ. ಹೇಗಿದ್ದೀ ಎಂದರೆ ‘ತೊಂದರೆ ಇಲ್ಲ’ ಅನ್ನುವುದು ನಮ್ಮಲ್ಲಿ ಮರ್ಯಾದೆ. ಪರೀಕ್ಷೆಯ ಕೋಣೆಯಲ್ಲಿ ಅದೇ ಮರ್ಯಾದೆ ಅವನ ವಿರುದ್ಧ ಸಾಕ್ಷಿ ಹೇಳಿತು. ಅವನಿಗಾದರೂ ಮಾನದ ಕಾರಣವಿತ್ತು. ಕಂಡದ್ದನ್ನು ಹೇಳಲು ನನಗೆ ಏನು ಅಡ್ಡಿ ಇತ್ತು?

ವಕೀಲರು ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಹೋಗುವ ಮೊದಲು ಅವನಿಗೆ ಹೇಳಿದೆ: “ಆಗುವುದನ್ನು ಆಗ್ತದೆ ಅನ್ನು. ಮಾಡಿದ ಮೇಲೆ ಎಂತ ಆಗ್ತದೆ ಅಂತಲೂ ಹೇಳು.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಾಗೆ ಹೇಳಿದ್ರೆ ನಾನು ಕೆಲಸಕ್ಕೆ ಬಾರದವ ಅಂತ ನಾನೇ ಒಪ್ಪಿದ ಹಾಗಲ್ವಾ ಮಾಷ್ಟ್ರೇ?”

“ಅವರು ಅಳೆಯುವುದು ನಿನ್ನ ಕಾಲನ್ನು, ನಿನ್ನನ್ನಲ್ಲ” ಅಂದೆ. ಅವನು ತಲೆಯಾಡಿಸಿದ. ಆ ದಿನ ಎಲ್ಲವನ್ನೂ ಹೇಳಿದ, ನಾನು ಎಲ್ಲವನ್ನೂ ಮಲಯಾಳಕ್ಕೆ ತಂದೆ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.