ಕುಂಬಾರನ ಮಗನು ಕುಂಬಾರನೇ ಆಗತಕ್ಕದ್ದೋ?

ಹಳ್ಳಿಯ ಕೈಕಸಬುಗಳು ಅಳಿದುಹೋಗುತ್ತಿವೆ, ಅವುಗಳನ್ನು ಹೇಗಾದರೂ ಉಳಿಸಿಕೊಳ್ಳತಕ್ಕದ್ದು ಎಂಬ ಮಾತನ್ನು ಈಚಿನ ದಿನಗಳಲ್ಲಿ ನಾವು ಅನೇಕರ ಬಾಯಿಂದ ಕೇಳುತ್ತೇವೆ. ಕುಂಬಾರಿಕೆಯ ವಿಷಯವಾಗಿ ಈ ಮಾತು ಮತ್ತಷ್ಟು ಹೆಚ್ಚು. ಹಾಗೆ ಹೇಳುವವರ ಅಡಿಗೆಮನೆಯಲ್ಲಿ ಉಕ್ಕಿನ ಪಾತ್ರೆಗಳೂ ಪ್ಲಾಸ್ಟಿಕ್ ಕೊಡಗಳೂ ಇರುವವೇ ಹೊರತು ಮಣ್ಣಿನ ಗಡಿಗೆ ಅಪರೂಪ. ಇದನ್ನು ನಾವು ಹಾಸ್ಯಕ್ಕಾಗಿ ಹೇಳುವದಿಲ್ಲ. ನಮ್ಮ ಪ್ರಶ್ನೆಯು ಅಲ್ಲಿಂದಲೇ ಹುಟ್ಟುವದು. ಒಂದು ಒಳ್ಳೇ ವಿದ್ಯೆಯು ಲೋಕದಲ್ಲಿ ಉಳಿಯಬೇಕಾದರೆ ಅದರ ಭಾರವನ್ನು ಯಾರು ಹೊರತಕ್ಕದ್ದು? ಆ ಮನೆಯಲ್ಲಿ ಹುಟ್ಟಿದನೆಂಬ ಒಂದೇ ಕಾರಣದಿಂದ ಕುಂಬಾರನ ಮಗನು ಅದನ್ನು ಹೊರತಕ್ಕದ್ದೋ?

ವಿದ್ಯೆಯು ಒಳ್ಳೇದೆಂಬದರಲ್ಲಿ ಸಂದೇಹವಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳದ ಜೇಡಿಮಣ್ಣನ್ನು ಅಗೆದು ತಂದು, ಒಣಗಿಸಿ, ಕುಟ್ಟಿ, ಕಲ್ಲುಬೇರುಗಳನ್ನು ಆರಿಸಿ, ನೆನೆಹಾಕಿ, ಸಣ್ಣ ಮರಳನ್ನೂ ಬೂದಿಯನ್ನೂ ಕೆಲವು ಕಡೆಗಳಲ್ಲಿ ಕತ್ತೆಯ ಲದ್ದಿಯನ್ನೂ ಬೆರಸಿ ಕಾಲಿನಿಂದ ತುಳಿಯುವರು. ಹದವು ತಿಳಿಯುವದು ಅಂಗಾಲಿಗೆ. ಅದನ್ನು ಅಳೆಯುವ ಬೇರೆ ಸಾಧನವು ಆ ಮನೆಯಲ್ಲಿಲ್ಲ. ತಿಗರಿಯ ಮೇಲೆ ಗಡಿಗೆಯ ಕಂಠವೂ ಹೆಗಲೂ ಎದ್ದು ಬರುವವು. ಆದರೆ ಅದರ ದುಂಡಾದ ಅಡಿಯು ತಿಗರಿಯಲ್ಲಿ ಹುಟ್ಟುವದಿಲ್ಲವೆಂಬದನ್ನು, ದಿನಾಲು ಗಡಿಗೆಯಿಂದ ನೀರು ಕುಡಿದವರಲ್ಲಿಯೂ ಅನೇಕರು ಅರಿಯರು. ದಾರದಿಂದ ಕೊಯ್ದು ಇಳಿಸಿದ ದಪ್ಪವಾದ ಪಾತ್ರೆಯು ಅರೆಬರೆ ಒಣಗಿದ ಮೇಲೆ, ಒಳಗೆ ಎಡಗೈಯಲ್ಲಿ ಉರುಟುಗಲ್ಲನ್ನು ಒತ್ತಿಹಿಡಿದು, ಹೊರಗಿನಿಂದ ಬಲಗೈಯ ಮರದ ಹಲಗೆಯಿಂದ ತಟ್ಟಿ ತಟ್ಟಿ ಅದನ್ನು ತೆಳುವಾಗಿಯೂ ದುಂಡಾಗಿಯೂ ಮಾಡುವರು. ಒಳಗಿನ ಕೈಯನ್ನು ಯಾರೂ ಕಾಣುವದಿಲ್ಲ. ಆ ಕೈಯು ಒಂದು ಸಾರಿ ತಪ್ಪಿದರೆ ಹೊರಗಿನ ಪೆಟ್ಟಿಗೆ ಗಡಿಗೆಯು ತೂತಾಗುವದು.

ಆವಿಗೆಯ ಕೆಲಸವು ಇದಕ್ಕಿಂತಲೂ ಸೂಕ್ಷ್ಮ. ಹುಲ್ಲು, ಕಟ್ಟಿಗೆ, ಕುಳ್ಳುಗಳ ನಡುವೆ ಪಾತ್ರೆಗಳನ್ನು ಒಟ್ಟಿ, ಮೇಲೆ ಮಣ್ಣು ಮೆತ್ತಿ, ಬೆಂಕಿಯನ್ನು ಮೆಲ್ಲನೆ ಏರಿಸುವರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಗಾಳಿಯನ್ನು ಪಡೆದರೆ ಗಡಿಗೆ ಕೆಂಪಾಗುವದು. ಕಡೆಯ ಹೊತ್ತಿನಲ್ಲಿ ಕಂಡಿಗಳನ್ನೆಲ್ಲಾ ಮುಚ್ಚಿ ಹೊಗೆಯಲ್ಲಿ ಉಸಿರುಕಟ್ಟಿಸಿದರೆ ಅದೇ ಗಡಿಗೆ ಕಪ್ಪಾಗುವದು. ಬೆಂಕಿಯು ಕಡಿಮೆಯಾದರೆ ಪಾತ್ರೆಯು ನೀರಿನಲ್ಲಿ ಕರಗುವದು, ಹೆಚ್ಚಾದರೆ ಬಿರಿಯುವದು. ನೀರಿನ ಗಡಿಗೆಯು ಸೋರಬಾರದು, ಆದರೂ ಒಸರಬೇಕು. ಒಸರಿದ ನೀರು ಗಾಳಿಗೆ ಆರುವಾಗ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುವದರಿಂದಲೇ ಒಳಗಿನ ನೀರು ತಣ್ಣಗಾಗುವದು. ಸೋರುವದಕ್ಕೂ ಒಸರುವದಕ್ಕೂ ನಡುವೆ ಇರುವ ಆ ಕೂದಲೆಳೆಯ ಅಂತರವನ್ನು, ಪುಸ್ತಕವನ್ನು ಓದದ ಒಬ್ಬ ಮನುಷ್ಯನು ಬೆಂಕಿಯ ಬಣ್ಣವನ್ನು ನೋಡಿ ಹಿಡಿಯುವನು. ನಾವು ಸೆಮಿನರಿಯಲ್ಲಿ ಕಲಿತ ಅನೇಕ ವಿದ್ಯೆಗಳು ಇಷ್ಟು ನಿಖರವಾದವುಗಳಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಮಾಡಿದವರು ಈ ಕೆಲಸವನ್ನು ಹತ್ತಿರದಿಂದ ಕಂಡವರೇ ಆಗಿರಬೇಕು.

ಮಣ್ಣಿನ ಕೆಲಸವು ಹೀನವೆಂಬ ಎಣಿಕೆಗೆ ಆಧಾರವೂ ಇಲ್ಲ. ಪ್ರವಾದಿಯಾದ ಯೆರೆಮೀಯನು ದೇವರ ಮಾತನ್ನು ತಿಳಿಯುವದಕ್ಕಾಗಿ ಕುಂಬಾರನ ಮನೆಗೆ ಇಳಿದುಹೋದದ್ದು ಸಭೆಯವರೆಲ್ಲರಿಗೂ ಗೊತ್ತು. ಕನ್ನಡನಾಡಿನೊಳಗೆ ಹರಿಹರ ಕವಿಯು ಕುಂಬಾರ ಗುಂಡಯ್ಯನೆಂಬ ಶಿವಭಕ್ತನ ಮೇಲೆಯೇ ಒಂದು ರಗಳೆಯನ್ನು ಬರೆದನು. ಹೀಗಿರಲಾಗಿ ಕಸಬಿಗೆ ಮಾನವು ಇತ್ತು. ಕಸಬಿನವನಿಗೆ ಇತ್ತೋ?

ಊರಿನ ಹನ್ನೆರಡು ಆಯಗಾರರಲ್ಲಿ ಕುಂಬಾರನೂ ಒಬ್ಬನಾಗಿದ್ದನು. ವರುಷವೆಲ್ಲಾ ಗಡಿಗೆ, ಮುಚ್ಚಳ, ಹಣತೆಗಳನ್ನು ಒದಗಿಸಿ, ಮದುವೆಗೆ ಐರಣಿಯ ಗಡಿಗೆಗಳನ್ನು ತಂದುಕೊಟ್ಟು, ಸುಗ್ಗಿಯಲ್ಲಿ ಕಣದ ಬಳಿಗೆ ಹೋಗಿ ತನ್ನ ಪಾಲಿನ ಕಾಳನ್ನು ತರುವನು. ಈ ಏರ್ಪಾಡಿನಲ್ಲಿ ಒಂದು ಭದ್ರತೆಯು ಇದ್ದದ್ದು ನಿಜ. ಬರಗಾಲ ಬಂದರೆ ಊರಿನೊಂದಿಗೆ ತಾನೂ ಹಸಿಯುವನು, ಬೆಳೆ ಬಂದರೆ ತಾನೂ ಉಣ್ಣುವನು. ಆದರೆ ಬೇರೆ ಕಸಬನ್ನು ಹಿಡಿಯುತ್ತೇನೆಂದು ಹೇಳುವ ಬಾಯಿ ಅವನಿಗೆ ಇರಲಿಲ್ಲ. ಅವನ ಹೆಂಡತಿಗಂತೂ ಮಣ್ಣನ್ನು ತುಳಿಯುವ, ನೀರನ್ನು ಹೊರುವ, ಸಂತೆಯಲ್ಲಿ ಮಾರುವ ಕೆಲಸವು ಇತ್ತೇ ಹೊರತು, ಹೆಂಗಸು ತಿಗರಿಯನ್ನು ತಿರುಗಿಸಬಾರದೆಂಬ ಕಟ್ಟಳೆಯು ಅನೇಕ ಪ್ರಾಂತ್ಯಗಳಲ್ಲಿ ನಡೆಯಿತು.

ಇನ್ನು ಗಡಿಗೆಯ ಸಂಗತಿ. ಜಾತಿಯ ಕಟ್ಟಳೆಯ ಪ್ರಕಾರ ಮುಟ್ಟಬಾರದವರೆಂದು ಎಣಿಸಲ್ಪಟ್ಟವರು ಮುಟ್ಟಿದ ತಾಮ್ರದ ಪಾತ್ರೆಯನ್ನು ತಿಕ್ಕಿ ತೊಳೆದು ಒಳಗೆ ತರುವರು. ಮಣ್ಣಿನ ಪಾತ್ರೆಯನ್ನಾದರೋ ಒಡೆದು ಹಾಕುವರು. ಪೇಶ್ವೆಯರ ಕಾಲದ ಪುಣೆಯಲ್ಲಿ ಅಂಥವರು ತಮ್ಮ ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಣ್ಣಿನ ಮಡಕೆಯನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತೆಂದು ಅಂಬೇಡ್ಕರರು 1936ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬರೆದಿದ್ದಾರೆ. ಪ್ರಿಯ ವಾಚಕರೇ, ನಮ್ಮ ಸಭೆಗಳಲ್ಲಿ ಅನೇಕರ ಹಿರಿಯರು ಅಂಥ ಬಾಳನ್ನು ಬಾಳಿದವರ ಸಂತತಿಯವರೇ. ಮಡಕೆಯಲ್ಲಿ ದೋಷವಿಲ್ಲ, ಮಾಡಿದವನಲ್ಲಿಯೂ ಇಲ್ಲ. ಆದರೆ ಪೂರ್ವದ ಸಂಪ್ರದಾಯವನ್ನು ಉಳಿಸತಕ್ಕದ್ದು ಎಂದು ಯಾರಾದರೂ ನಮ್ಮೊಂದಿಗೆ ಹೇಳಿದಾಗ, ಮಡಕೆಯನ್ನೋ ಅದನ್ನು ಕೊರಳಿಗೆ ಕಟ್ಟಿದ ಏರ್ಪಾಡನ್ನೋ ಎಂದು ಕೇಳುವ ಹಕ್ಕು ನಮಗಿದೆ. ಒಂದನ್ನು ಹೊಗಳುವ ನೆವದಿಂದ ಮತ್ತೊಂದನ್ನೂ ಹೊಗಳುವವರು ಇದ್ದಾರೆ.

ನಮ್ಮ ಸ್ವಂತ ಚರಿತ್ರೆಯನ್ನೂ ಇಲ್ಲಿ ನೆನಸತಕ್ಕದ್ದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಸಭೆಯನ್ನು ಸೇರಿದವರು ಜಾತಿಯನ್ನೂ ಅದರ ಸಂಗಡ ಅನ್ನವನ್ನೂ ಕಳಕೊಳ್ಳುತ್ತಿದ್ದದರಿಂದ ಅವರಿಗೆ ಉದ್ಯೋಗವನ್ನು ಹುಡುಕಬೇಕಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ಬಳಿಯಲ್ಲಿ ಜೆಪ್ಪು ಎಂಬಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಇಬ್ಬರು ಕೆಲಸದವರು, ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು, ಆರಂಭವು ಇಷ್ಟೇ. ಒಂದರ ಅಂಚಿಗೆ ಒಂದು ಕಚ್ಚಿಕೊಳ್ಳುವ ಆ ಹಂಚು ಮುಂದೆ ಮಂಗಳೂರು ಹಂಚೆಂಬ ಹೆಸರಿನಿಂದ ಸಮುದ್ರವನ್ನು ದಾಟಿಯೂ ಹೋಯಿತು. ಅದು ಏರಿದ ಮಾಡಿನ ಮೇಲೆ ಕುಂಬಾರನು ತಿಗರಿಯಲ್ಲಿ ಮಾಡಿ ಸೀಳಿದ ನಾಡಹಂಚಿಗೆ ಸ್ಥಳವಿರಲಿಲ್ಲ. ಒಂದು ಮನೆಗೆ ಅನ್ನವನ್ನು ಕೊಟ್ಟ ಮಣ್ಣು ಮತ್ತೊಂದು ಮನೆಯ ಅನ್ನವನ್ನು ಕಡಿಮೆ ಮಾಡಿತು. ಇದರಲ್ಲಿ ಪಾಪವಿತ್ತೆಂದು ನಾವು ಹೇಳುವದಿಲ್ಲ. ಹಸಿದವರಿಗೆ ಉದ್ಯೋಗವು ಬೇಕಾಗಿತ್ತು, ಬಡವನ ಮಾಡಿಗೆ ಸೋರದ ಹಂಚು ಬೇಕಾಗಿತ್ತು. ಪ್ಲಾಸ್ಟಿಕ್ ಕೊಡವೇ ಕುಂಬಾರನನ್ನು ಕೆಡಿಸಿತೆಂದು ಹೇಳುವವರು ಈ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಇದಲ್ಲದೆ, ಹುಟ್ಟಿನ ಕಸಬನ್ನು ಬಿಟ್ಟು ಹೊರಬಂದ ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕುಂಬಾರನ ಮಗನು ಬಸ್ಸಿನ ಚಾಲಕನೋ ಶಾಲೆಯ ಉಪಾಧ್ಯಾಯನೋ ಆಗಬೇಕೆಂದರೆ ಅವನಿಗೆ ಮಾತ್ರ ಸಂಪ್ರದಾಯದ ಬೋಧನೆಯನ್ನು ಮಾಡುವದು ನಮಗೆ ಒಪ್ಪುವದಿಲ್ಲ.

ಹಾಗಾದರೆ ವಿದ್ಯೆಯು ಅಳಿಯಲೋ ಎಂದು ಕೇಳುವರು. ಇದು ಸುಲಭವಾದ ಪ್ರಶ್ನೆಯಲ್ಲ. ಎಲ್ಲರಿಗೂ ಬಿಡುಗಡೆಯಾದರೆ ಕಷ್ಟದ ಕೆಲಸದಲ್ಲಿ ಯಾರೂ ನಿಲ್ಲುವದಿಲ್ಲವೆಂಬ ಭಯವು ಸುಳ್ಳೆಂದು ನಾವು ಹೇಳಲಾರೆವು. ಅಪ್ಪಣೆಯಿಂದ ಕಸಬು ಉಳಿಯುವದಿಲ್ಲವೆಂಬದಂತೂ ಕಂಡ ಮಾತು: 2004ರಲ್ಲಿ ರೈಲ್ವೆ ಮಂತ್ರಿಗಳಾಗಿದ್ದ ಲಾಲು ಪ್ರಸಾದರು ರೈಲುನಿಲ್ದಾಣಗಳಲ್ಲಿ ಚಹಾವನ್ನು ಮಣ್ಣಿನ ಕುಡಿಕೆಯಲ್ಲಿಯೇ ಕೊಡತಕ್ಕದ್ದೆಂದು ಏರ್ಪಡಿಸಿದರು; ಕೆಲವು ವರುಷಗಳಲ್ಲಿ ಕಾಗದದ ಬಟ್ಟಲೂ ಪ್ಲಾಸ್ಟಿಕ್ ಬಟ್ಟಲೂ ತಿರಿಗಿ ಬಂದವು. ಬೆಳಗಾವಿ ಸೀಮೆಯ ಖಾನಾಪುರದ ಮಾರ್ಗವು ಬೇರೆ. ಮಲಪ್ರಭೆಯ ದಡದ ಆ ಊರಿನ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಅಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯನ್ನು ನಡಿಸಿದರು. ಅದೇ ಆಯೋಗದವರು 2018ರಿಂದ ವಿದ್ಯುತ್ತಿನಿಂದ ತಿರುಗುವ ತಿಗರಿಗಳನ್ನು ಕುಂಬಾರರಿಗೆ ಹಂಚತೊಡಗಿದರು. ಕೋಲಿನಿಂದ ತಿರುಗಿಸುವ ಹಳೇ ತಿಗರಿಯೇ ಶುದ್ಧವೆಂದು ಮೂಗುಮುರಿಯುವವರು ಒಂದು ದಿನ ಅದನ್ನು ತಿರುಗಿಸಿ ನೋಡಲಿ.

ಜಾತಿಯಿಲ್ಲದ ಕಡೆಯಲ್ಲಿಯೂ ಕುಂಬಾರಿಕೆಯು ಬಾಳಬಹುದೆಂಬದಕ್ಕೆ ಮಣಿಪುರದ ಉಖ್ರುಲ್ ಬೆಟ್ಟದ ಲೋಂಗ್ಪಿ ಎಂಬ ಊರು ಸಾಕ್ಷಿ. ಅಲ್ಲಿಯ ತಾಂಗ್‌ಖುಲ್ ನಾಗರು ಬಹುಮಟ್ಟಿಗೆ ಬ್ಯಾಪ್ಟಿಸ್ಟ್ ಸಭೆಯವರು. ವಿಲಿಯಂ ಪೆಟಿಗ್ರೂ ಎಂಬ ಮಿಶನರಿಯು 1896ರಲ್ಲಿ ಉಖ್ರುಲಿಗೆ ಬಂದನು. ಅವರು ಒಂದು ಬಗೆಯ ಕಪ್ಪುಕಲ್ಲನ್ನು ಪುಡಿಮಾಡಿ ಜೇಡಿಯೊಂದಿಗೆ ಕಲಸಿ, ತಿಗರಿಯಿಲ್ಲದೆ ಕೈಯಿಂದಲೇ ಪಾತ್ರೆಗಳನ್ನು ಮಾಡಿ, ಬಯಲಿನ ಬೆಂಕಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಒಂದು ಗಿಡದ ಎಲೆಗಳಿಂದ ಉಜ್ಜಿ ಹೊಳಪನ್ನು ತರುವರು. ಗಂಡಸರೂ ಹೆಂಗಸರೂ ಮಾಡುವರು. ಕುಂಬಾರನೆಂಬ ಬೇರೆ ಜಾತಿಯು ಅವರೊಳಗಿಲ್ಲ.

ನಮ್ಮ ಸೀಮೆಯಲ್ಲಿ ಇದೇ ಕಠಿಣವಾದ ಅರ್ಧ. ಕುಂಬಾರನ ಮಗನು ಹೊರಗೆ ಹೋಗಲಿ ಎಂದು ಹೇಳಲು ನಮ್ಮವರೆಲ್ಲರೂ ಒಪ್ಪುವರು. ನಿಮ್ಮ ಮಗಳಿಗೆ ಮಣ್ಣಿನ ಮೇಲೆ ಮನಸ್ಸಾದರೆ ಅವಳನ್ನು ತಿಗರಿಯ ಬಳಿಗೆ ಕಳುಹಿಸುವಿರೋ ಎಂದು ಕೇಳಿದರೆ ಎಷ್ಟು ಮಂದಿ ತಲೆಯಾಡಿಸುವರು? ಓದಿದವಳು ಮಣ್ಣು ತುಳಿಯುವಳೋ ಎಂಬ ಮಾತು ನಮ್ಮ ಸಭೆಯವರ ಬಾಯಲ್ಲಿ ಬರುವಾಗ, ಬಿಟ್ಟು ಬಂದೆವೆಂದು ಎಣಿಸಿದ ಹಳೇ ಎಣಿಕೆಯೇ ಬೇರೆ ಬಟ್ಟೆಯನ್ನು ಉಟ್ಟುಕೊಂಡು ಬಂದಿರುವದು. ಬಾಗಿಲು ತೆರೆದಿದ್ದರೆ ಎರಡೂ ಕಡೆಗೆ ತೆರೆದಿರತಕ್ಕದ್ದು.

ಭಾರವನ್ನು ಯಾರು ಹೊರತಕ್ಕದ್ದೆಂಬ ಪ್ರಶ್ನೆಗೆ ನಮ್ಮ ಉತ್ತರವು ಸಂತೆಯಲ್ಲಿದೆ. ಬೇಸಿಗೆಯಲ್ಲಿ ತಣ್ಣೀರನ್ನು ಕುಡಿಯಬೇಕೆನ್ನುವವನೇ ಅದನ್ನು ಹೊರಲಿ. ಗಡಿಗೆಯನ್ನು ಕೊಳ್ಳುವವರು ಅದನ್ನು ಎತ್ತಿ ಬೆರಳಿನ ಗೆಣ್ಣಿನಿಂದ ಬಡಿದು ನಾದವನ್ನು ಕೇಳುವರು, ಅದು ನ್ಯಾಯವೇ. ಆ ಮೇಲೆ ಮಣ್ಣಿಗೇನು ಬೆಲೆಯೆಂದು ಚೌಕಾಸಿ ಮಾಡುವರು. ಅದೇ ಸಂತೆಯಲ್ಲಿ ಪ್ಲಾಸ್ಟಿಕ್ ಕೊಡಕ್ಕೆ ಹೇಳಿದಷ್ಟನ್ನು ಕೊಡುವರು. ಹುಲ್ಲನ್ನೂ ಕಟ್ಟಿಗೆಯನ್ನೂ ಕುಂಬಾರನು ಈಗ ಹಣಕೊಟ್ಟು ಕೊಳ್ಳುವನು. ಕೆರೆಯ ಮಣ್ಣನ್ನು ಅಗೆಯುವದಕ್ಕೆ ಅವರಿವರ ಒಪ್ಪಿಗೆಯನ್ನು ಬೇಡುವನು. ಮಳೆಗಾಲದ ತಿಂಗಳುಗಳಲ್ಲಿ ಆವಿಗೆಯು ತಣ್ಣಗಿರುವದು, ಮಕ್ಕಳ ಹೊಟ್ಟೆಯು ತಣ್ಣಗಿರುವದಿಲ್ಲ. ಒಂದೊಂದು ಆವಿಗೆಯಲ್ಲಿ ಬಿರಿದುಹೋದ ಗಡಿಗೆಗಳ ಬೆಲೆಯನ್ನು ಉಳಿದ ಗಡಿಗೆಗಳಿಂದಲೇ ಎತ್ತಬೇಕು, ಮತ್ತು ನಾವು ಬಡಿದು ನೋಡಿ ಬದಿಗಿಟ್ಟದ್ದನ್ನು ಅವನ ಹೆಂಡತಿಯು ಸಂಜೆಗೆ ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹಿಂತಿರುಗಬೇಕು.