ಪ್ರಯತ್ನವೂ ಪಾರತಂತ್ರ್ಯವೂ

ಸರ್ವವೂ ಶ್ರೀಹರಿಯ ಅಧೀನವೆಂದು ದೃಢವಾಗಿ ನಂಬಿದವನು ಛಲ ಹಿಡಿದು ಪ್ರಯತ್ನಿಸಬೇಕಾದ ಅಗತ್ಯವಾದರೂ ಏನು ಎಂದು ನಮ್ಮ ತರುಣರು ಆಗಾಗ ಕೇಳುವುದುಂಟು. ಪ್ರಶ್ನೆ ಉಚಿತವಾದುದೇ. ಅವರಿಗೆ ಪ್ರಿಯವಾದ ಫುಟ್‌ಬಾಲ್ ಆಟದಿಂದಲೇ ಒಂದು ನಿದರ್ಶನವನ್ನು ತೆಗೆದುಕೊಂಡು ವಿಚಾರ ಮಾಡೋಣ. ಮಠದ ಪತ್ರಿಕೆಯಲ್ಲಿ ಚೆಂಡಾಟದ ಮಾತೇಕೆಂದು ಹಿರಿಯರು ಹುಬ್ಬುಗಂಟಿಕ್ಕಬೇಕಾಗಿಲ್ಲ. ಬಾಲಕ ವಾಸುದೇವನು ಓಟ, ಜಿಗಿತ, ಈಜುಗಳಲ್ಲಿ ಸಹಪಾಠಿಗಳನ್ನೆಲ್ಲ ಮೀರಿಸಿದುದನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಸಂತೋಷದಿಂದಲೇ ವರ್ಣಿಸಿದ್ದಾರೆ.

ಇಂಗ್ಲೆಂಡಿನ ಶೆಫೀಲ್ಡ್ ಉಕ್ಕಿಗೆ ಹೆಸರಾದ ನಗರ. ಅಲ್ಲಿ 1987ರಲ್ಲಿ ಜನಿಸಿದ ಜೇಮಿ ವಾರ್ಡಿ ಎಂಬಾತನನ್ನು ಊರಿನ ದೊಡ್ಡ ತಂಡವು ಹದಿನಾರನೆಯ ವಯಸ್ಸಿನಲ್ಲಿ, ಎತ್ತರ ಸಾಲದೆಂದು ಕೈಬಿಟ್ಟಿತು. ಮುಂದೆ ಆತನದು ರೋಗಿಗಳ ಅವಯವಗಳಿಗೆ ಆಧಾರವಾಗಿ ಕಟ್ಟುವ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಮೆ. ಬಿಡುವಿನಲ್ಲಿ ಸ್ಟಾಕ್ಸ್‌ಬ್ರಿಜ್ ಎಂಬ ಸಣ್ಣ ಊರಿನ ತಂಡಕ್ಕೆ ಆಟ. ಆಟಕ್ಕೆ ವಾರಕ್ಕೆ 30 ಪೌಂಡು. ಸದಾಚಾರಕ್ಕೆ ಆತನನ್ನು ಮಾದರಿಯಾಗಿ ನಾವು ಮುಂದಿಡುತ್ತಿಲ್ಲ. 2007ರಲ್ಲಿ ಹೊಡೆದಾಟದ ಅಪರಾಧಕ್ಕಾಗಿ ಶಿಕ್ಷೆಯಾಗಿ, ಆರು ತಿಂಗಳು ಕಾಲಿಗೆ ಕಾವಲು ಪಟ್ಟಿ ಕಟ್ಟಿಸಿಕೊಂಡು, ಸಂಜೆಯೊಳಗೆ ಮನೆ ಸೇರಲು ಪರವೂರಿನ ಪಂದ್ಯಗಳ ನಡುವೆಯೇ ಮೈದಾನ ಬಿಟ್ಟು ಓಡಬೇಕಾಗಿತ್ತು. 2010ರಲ್ಲಿ ಹ್ಯಾಲಿಫ್ಯಾಕ್ಸ್, 2011ರಲ್ಲಿ ಫ್ಲೀಟ್‌ವುಡ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ 2012ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಹತ್ತು ಲಕ್ಷ ಪೌಂಡಿಗೆ ಲೀಸ್ಟರ್ ತಂಡವನ್ನು ಸೇರಿದನು.

ಅಲ್ಲಿ ಮೊದಲ ವರ್ಷವೇ ಆಟ ಕೆಟ್ಟಿತು. ಫುಟ್‌ಬಾಲನ್ನೇ ತ್ಯಜಿಸಬೇಕೆಂದುಕೊಂಡವನನ್ನು ತಂಡದ ವ್ಯವಸ್ಥಾಪಕ ನೈಜೆಲ್ ಪಿಯರ್ಸನ್ ಸಮಾಧಾನ ಹೇಳಿ ನಿಲ್ಲಿಸಿದರು. 2015ರಲ್ಲಿ ಆತ ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ನಿರ್ಮಿಸಿದನು. ಋತುವಿನ ಆರಂಭದಲ್ಲಿ ಬಾಜಿಯವರು ಒಂದಕ್ಕೆ ಐದು ಸಾವಿರ ಕೊಡುವುದಾಗಿ ನಕ್ಕಿದ್ದ ಆ ತಂಡ 2016ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತು.

ಈಗ ಪ್ರಶ್ನೆಗೆ ಬರೋಣ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಡಗಿಯ ದೃಷ್ಟಾಂತವಿದೆ. ಆಚಾರ್ಯರ ಭಾಷ್ಯದಂತೆ ಬಡಗಿಯು ಮಾಡಿಸುವ ಒಡೆಯನ ಅಧೀನನೂ ಹೌದು, ಕೆಲಸ ಮಾಡುವ ಕರ್ತನೂ ಹೌದು, ಜೀವನೂ ಹಾಗೆಯೇ. ಭಗವಂತನು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಪ್ರೇರಿಸುತ್ತಾನೆಂಬುದೂ ಆ ಪ್ರಕರಣದಲ್ಲಿಯೇ ಸಿದ್ಧವಾಗಿದೆ. ಬಾಗಿಲು ಎಲ್ಲಿರಬೇಕೆಂಬುದು ಒಡೆಯನಿಗೆ ಬಿಟ್ಟದ್ದು. ಆದರೆ ಉಳಿಯನ್ನು ಕೆಳಗಿಟ್ಟು ಕುಳಿತ ಬಡಗಿ, ಒಡೆಯನ ಇಚ್ಛೆ ಇರಲಿಲ್ಲವೆಂದರೆ ಒಪ್ಪುವವರು ಯಾರು? ವಾರ್ಡಿ ಉಳಿಯನ್ನು ಕೆಳಗಿಡಲು ಹೊರಟ ದಿನ ಒಬ್ಬರು ಬಂದು ತಡೆದರು. ಆ ತಡೆದವರನ್ನು ಪ್ರೇರಿಸಿದವನು ಯಾರೆಂದು ನಾವು ಕೇಳಿದರೆ ತರುಣರು ನಗಬಹುದು. ನಮಗಂತೂ ಪಾರತಂತ್ರ್ಯವು ಪ್ರಯತ್ನದ ಶತ್ರುವಾಗಿ ಅಲ್ಲಿ ಕಾಣುವುದಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಅಂತಹ ಸಣ್ಣ ತಂಡಗಳಲ್ಲಿ ಅಷ್ಟೇ ಬೆವರು ಸುರಿಸಿದ ಎಷ್ಟೋ ಮಂದಿ ಕಾರ್ಖಾನೆಯಲ್ಲಿಯೇ ಉಳಿದರು. ಅವರ ಛಲ ಕಡಿಮೆಯೆನ್ನಲು ನಮ್ಮಲ್ಲಿ ಪ್ರಮಾಣವೇನಿದೆ? ಅದೇ ವಾರ್ಡಿ ಆಡುತ್ತಿದ್ದಾಗಲೇ ಅದೇ ಲೀಸ್ಟರ್ 2023ರಲ್ಲಿಯೂ 2025ರಲ್ಲಿಯೂ ಕೆಳದರ್ಜೆಗೆ ಜಾರಿತು. ಗೆಲುವೆಲ್ಲ ಛಲದಿಂದಲೇ ಬಂದಿತೆನ್ನುವವನು ಜೀವನಿಗೆ ಹಿಂಬಾಗಿಲಿನಿಂದ ಸ್ವಾತಂತ್ರ್ಯವನ್ನು ಕೊಡುತ್ತಾನೆ. ಸೋತವನಿಗೆ ಛಲವೇ ಇರಲಿಲ್ಲವೆಂಬ ಕ್ರೂರ ತೀರ್ಪನ್ನೂ ಅವನೇ ಕೊಡಬೇಕಾಗುತ್ತದೆ. ಸಿದ್ಧಾಂತವನ್ನು ಬಲ್ಲವರ ಬಾಯಲ್ಲಿ ಈ ತೀರ್ಪು ಬರಬಾರದು.

ಆದರೂ ಬರುತ್ತದೆ. ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಮನೆಗಳಲ್ಲಿ ಪ್ರವೇಶ ಪರೀಕ್ಷೆಯ ಫಲಿತಾಂಶದ ದಿನ "ಅವನ ಯೋಗ್ಯತೆಯೇ ಅಷ್ಟು" ಎಂಬ ಮಾತು ಎಷ್ಟು ಸಲೀಸಾಗಿ ಹೊರಡುತ್ತದೆ! ಶಾಸ್ತ್ರದಲ್ಲಿ ಸ್ವರೂಪಯೋಗ್ಯತೆಯೆಂಬುದು ಜೀವನ ಸಾಧನೆಗೂ ಮುಕ್ತಿಯ ಆನಂದಕ್ಕೂ ಸಂಬಂಧಿಸಿದ್ದು; ಅದನ್ನು ಪೂರ್ಣವಾಗಿ ಬಲ್ಲವನು ಭಗವಂತನೊಬ್ಬನೇ. ಅಂಕಪಟ್ಟಿಗೂ ಅದಕ್ಕೂ ಏನು ಸಂಬಂಧ? ಶೆಫೀಲ್ಡಿನವರಿಗೆ ಎತ್ತರವೆಂಬ, ಅಳೆಯಲು ಸಾಧ್ಯವಾದ ವಸ್ತುವಾದರೂ ಇತ್ತು. ಹದಿನೇಳರ ಮಗನ ಜೀವಸ್ವರೂಪವನ್ನು ಊಟದ ಮಣೆಯ ಮೇಲೆ ಕುಳಿತು ನಿರ್ಣಯಿಸುವ ತಂದೆಗೆ ಅದೂ ಇಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥