ಮತ್ತೆ ಸೋಲುವ ಹಕ್ಕು

ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಆ ಆಟದಲ್ಲಿ ಕಂಡದ್ದು ಗೆಲುವಿಗಿಂತ ಸೋಲನ್ನೇ ಹೆಚ್ಚು. 1891ರ ಚಳಿಗಾಲದಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಮಹಡಿಯ ಕಟಾಂಜನಕ್ಕೆ ಪೀಚ್ ಹಣ್ಣಿನ ಎರಡು ಬುಟ್ಟಿ ಹೊಡೆದು ಆಟ ಶುರುಮಾಡಿದ ಮೇಷ್ಟ್ರು ಅವರು. ಆಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ತಂಡವನ್ನು ಕಟ್ಟಿದರು. ಲೆಕ್ಕ ಹೀಗಿದೆ: 55 ಗೆಲುವು, 60 ಸೋಲು. ಗೆದ್ದು ಗೆದ್ದು ಹೆಸರಾದ ಆ ವಿಶ್ವವಿದ್ಯಾಲಯದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ತರಬೇತುದಾರ ಇವರೊಬ್ಬರೇ. ಆಟದ ತಂದೆಗೇ ಆಟ ಒಲಿಯಲಿಲ್ಲ ಎಂದು ಇದನ್ನು ತಮಾಷೆಯಾಗಿ ಹೇಳುವುದುಂಟು. ನನಗೆ ಇದರಲ್ಲಿ ಕಾಣುವುದು ಬೇರೆ. 60 ಸಲ ಸೋಲಬೇಕಾದರೆ ಒಬ್ಬ ಮನುಷ್ಯನಿಗೆ ಅಷ್ಟು ಸಲ ಅಂಕಣಕ್ಕೆ ಇಳಿಯುವ ಅವಕಾಶ ಸಿಕ್ಕಿರಬೇಕು. ಸೋತವನನ್ನು ಯಾರೋ ಮತ್ತೆ ಆಡಲು ಕರೆದಿರಬೇಕು.

ನಮ್ಮ ಕಡೆಯ ಕಾಲೇಜು ಹುಡುಗರಿಗೆ ಆ ಕರೆ ಬರುವುದಿಲ್ಲ.

ಸೆಟ್ಟೂರು ಆಂಧ್ರದ ಅನಂತಪುರ ಜಿಲ್ಲೆಯ ಗಡಿ ಮಂಡಲ. ಕಾಗದಪತ್ರವೆಲ್ಲ ತೆಲುಗು, ಗಡಿಯ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಜಗಲಿಯಲ್ಲಿ ಕೂತು ಮಾತಾಡುತ್ತವೆ. ನೆಲ ಕೆಂಪು, ಬೆಳೆ ಕಡಲೆಕಾಯಿ, ಮಳೆ ಅದರ ಮರ್ಜಿ. ಇಲ್ಲಿಂದ ಡಿಗ್ರಿಗೆಂದು ಕಲ್ಯಾಣದುರ್ಗಕ್ಕೋ ಅನಂತಪುರಕ್ಕೋ ಹೋಗುವ ಹುಡುಗರಲ್ಲಿ ಸ್ವಲ್ಪ ಎತ್ತರ ಇದ್ದವನನ್ನು ದೈಹಿಕ ಶಿಕ್ಷಣದ ಮೇಷ್ಟ್ರು, ಅಂದರೆ ಪಿ.ಡಿ. ಸಾರ್, ಹಿಡಿದು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹಾಕುತ್ತಾರೆ. ಆ ಹುಡುಗ ಶಾಲೆಯಲ್ಲಿ ಆಡಿದ್ದು ಕಬಡ್ಡಿ, ಊರಲ್ಲಿ ಆಡಿದ್ದು ಕ್ರಿಕೆಟ್ಟು. ಬ್ಯಾಸ್ಕೆಟ್‌ಬಾಲನ್ನು ಕೈಯಲ್ಲಿ ಹಿಡಿಯುವುದೇ ಡಿಗ್ರಿಯ ಮೊದಲ ವರ್ಷ. ತಂಡದಲ್ಲಿ ಹನ್ನೆರಡು ಜನಕ್ಕೆ ಜಾಗ ಉಂಟು. ಸಣ್ಣ ಕಾಲೇಜಿನಿಂದ ಬರುವವರು ಏಳೋ ಎಂಟೋ ಜನ. ಅವರೇ ವಾಲಿಬಾಲ್ ತಂಡ, ಅವರೇ ಕಬಡ್ಡಿ ತಂಡ, ಓಟಕ್ಕೂ ಅವರೇ. ಆಡುವ ಅಂಕಣ ಗಟ್ಟಿಮಣ್ಣಿನದು ಅಥವಾ ಬಿರುಕು ಬಿಟ್ಟ ಸಿಮೆಂಟಿನದು. ಗೆರೆ ಎಳೆಯುವುದು ಪಂದ್ಯದ ಹಿಂದಿನ ದಿನ, ಸುಣ್ಣದಲ್ಲಿ.

ಈ ಏಳು ಜನಕ್ಕೆ ಎದುರಾಗುವ ತೊಂದರೆಗಳು ಹೊರಗಿನವರಿಗೆ ಕಾಣುವುದಿಲ್ಲ. ಒಬ್ಬ ಆಟಗಾರ ಐದು ಫೌಲ್ ಮಾಡಿದರೆ ಹೊರಕ್ಕೆ. ದೊಡ್ಡ ಕಾಲೇಜಿನವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಬೆಂಚಿನಲ್ಲಿ ಇನ್ನೂ ಏಳು ಜನ ಕೂತಿರುತ್ತಾರೆ. ಇವರ ಬೆಂಚಿನಲ್ಲಿ ಇಬ್ಬರು, ಅದರಲ್ಲಿ ಒಬ್ಬನ ಕಾಲು ಹಿಡಿದುಕೊಂಡಿರುತ್ತದೆ. ಹಾಗಾಗಿ ಮೂರನೇ ಕ್ವಾರ್ಟರ್ ಹೊತ್ತಿಗೆ ಪಿ.ಡಿ. ಸಾರ್ ಗೆರೆಯ ಆಚೆಯಿಂದ ಕೂಗುವುದು ಒಂದೇ ಮಾತು: "ಕೈ ಹಾಕಬೇಡ್ರೋ!" ಕೈ ಹಾಕದೆ ತಡೆಯುವುದು ಹೇಗೆ? ಎದುರಾಳಿ ನೆಗೆದು ಚೆಂಡು ಹಾಕುವುದನ್ನು ನೋಡುತ್ತ ನಿಲ್ಲಬೇಕು. ಆಡುವುದಕ್ಕೆ ಕನಿಷ್ಠ ಇಬ್ಬರು ಉಳಿದಿದ್ದರೂ ಪಂದ್ಯ ನಡೆಯಬಹುದು ಎನ್ನುತ್ತದೆ ನಿಯಮ. ಈ ನಿಯಮ ಬರೆದವರು ಸಣ್ಣ ಕಾಲೇಜುಗಳನ್ನು ಎಲ್ಲೋ ಕಂಡಿದ್ದರೇನೋ.

ಇಷ್ಟಾದರೂ ಇದನ್ನೆಲ್ಲ ಸರಿಪಡಿಸಿಕೊಳ್ಳಬಹುದು. ಸರಿಪಡಿಸಿಕೊಳ್ಳಲಾಗದ್ದು ಇನ್ನೊಂದಿದೆ, ಅದು ಪಂದ್ಯಾವಳಿಯ ಏರ್ಪಾಟು. ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ 1968ರಲ್ಲಿ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ, 1981ರಲ್ಲಿ ಸ್ವತಂತ್ರವಾಯಿತು. ಇದರ ಕೆಳಗಿನ ಕಾಲೇಜುಗಳಿಗೂ, ಗಡಿಯಾಚೆಯ ಕರ್ನಾಟಕದ ಕಾಲೇಜುಗಳಿಗೂ ಸಾಮಾನ್ಯವಾಗಿ ವರ್ಷಕ್ಕೊಂದು ಅಂತರ ಕಾಲೇಜು ಪಂದ್ಯಾವಳಿ. ಎರಡು ದಿನದಲ್ಲಿ ಮುಗಿಯಬೇಕು, ಹಾಗಾಗಿ ನಾಕೌಟ್: ಒಮ್ಮೆ ಸೋತರೆ ಹೊರಕ್ಕೆ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು ನಲವತ್ತು ನಿಮಿಷ. ಜುಲೈಯಿಂದ ಬೆಳಿಗ್ಗೆ ಎದ್ದು ಓಡಿದ್ದು, ಊರಿನ ಬಸ್ಸು ತಪ್ಪಿಸಿಕೊಂಡು ಸಂಜೆ ಉಳಿದದ್ದು, ಅಪ್ಪನ ಕೈಲಿ ಬೈಸಿಕೊಂಡದ್ದು, ಎಲ್ಲ ಆ ನಲವತ್ತು ನಿಮಿಷಕ್ಕೆ. ಮೊದಲ ಪಂದ್ಯದಲ್ಲೇ ಪಟ್ಟಣದ ದೊಡ್ಡ ಕಾಲೇಜು ಎದುರಾದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ವರ್ಷ ಮುಗಿಯಿತು.

ಮರಳಿ ಬರುವ ಬಸ್ಸಿನಲ್ಲಿ ನಡೆಯುವ ಮಾತು ಎಲ್ಲ ಕಾಲೇಜಿನದೂ ಹೆಚ್ಚುಕಡಿಮೆ ಒಂದೇ.

"ಇರಲಿ ಬಿಡ್ರಪ್ಪಾ, ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ನಾನಿರಲ್ಲ ಸಾರ್. ಫೈನಲ್ ಇಯರು."

ಈ ಉತ್ತರಕ್ಕೆ ಯಾವ ಪಿ.ಡಿ. ಸಾರ್ ಹತ್ತಿರವೂ ಮರುಮಾತಿಲ್ಲ. ಸೋಲಿನಿಂದ ಪಾಠ ಕಲಿಯಬೇಕು ಎಂದು ನಾವು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೇವೆ. ಕಲಿತ ಪಾಠವನ್ನು ಒಪ್ಪಿಸುವುದು ಎಲ್ಲಿ? ಎಡಗಡೆಯಿಂದ ನುಗ್ಗಿದವನನ್ನು ತಡೆಯಲಾಗಲಿಲ್ಲ ಎಂದು ಗೊತ್ತಾದ ಹುಡುಗನಿಗೆ ಮುಂದಿನ ಶನಿವಾರ ಅದೇ ಎದುರಾಳಿ ಮತ್ತೆ ಸಿಕ್ಕರೆ ಅದು ಪಾಠ. ಸಿಗದಿದ್ದರೆ ಅದು ಬರೀ ಗಾಯ.

ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಲ್ಲಿ ಇನ್ನೊಂದು ವಿಚಿತ್ರ ನೋಡಬಹುದು. ಮೊದಲ ಸುತ್ತುಗಳೆಲ್ಲ ನಾಕೌಟ್. ಕೊನೆಗೆ ಉಳಿದ ನಾಲ್ಕು ತಂಡಗಳಿಗೆ ಮಾತ್ರ ಲೀಗ್. ಅಂದರೆ ಒಮ್ಮೆ ಸೋತರೂ ಪರವಾಗಿಲ್ಲ, ನಾಳೆ ಬಾ ಎನ್ನುವ ಉದಾರತೆ ಇರುವುದು ಸೋಲದೆ ಅಲ್ಲಿಯವರೆಗೆ ಬಂದವರಿಗೆ. ಯಾರಿಗೆ ಎರಡನೇ ಅವಕಾಶ ತೀರಾ ಬೇಕಿತ್ತೋ ಅವರು ಮೊದಲ ದಿನವೇ ರೈಲು ಹತ್ತಿರುತ್ತಾರೆ. ಖರ್ಚು, ಸಮಯ, ಅಂಕಣಗಳ ಕೊರತೆ, ಇದಕ್ಕೆ ಕಾರಣಗಳೆಲ್ಲ ನಿಜವೇ. ಆದರೂ ಇದು ಆಟದ ಮೈದಾನದ ಕಥೆ ಮಾತ್ರ ಅಲ್ಲ ಎಂಬುದು ನನ್ನ ಗುಮಾನಿ. ಒಂದೇ ಪ್ರವೇಶ ಪರೀಕ್ಷೆ, ಕಾನ್‌ಸ್ಟೆಬಲ್ ಆಯ್ಕೆಯ ಒಂದೇ ಓಟ, ಒಂದೇ ಸಂದರ್ಶನ. ಬಡವರ ಮಕ್ಕಳ ಬದುಕೆಲ್ಲ ನಾಕೌಟ್. ಉಳ್ಳವರ ಮಕ್ಕಳಿಗೆ ಲೀಗ್. ಒಂದು ಸಲ ತಪ್ಪಿದರೆ ಇನ್ನೊಂದು ವರ್ಷ ಕೋಚಿಂಗಿಗೆ ಸೇರಿಸುವ ಶಕ್ತಿ ಇರುವ ಮನೆಯಲ್ಲಿ ಸೋಲು ಒಂದು ಪಂದ್ಯವಷ್ಟೇ.

ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಟ್ಟಿದ ದೇಶದಲ್ಲಿ ಸಣ್ಣ ಕಾಲೇಜುಗಳ ಏರ್ಪಾಟು ಬೇರೆ. ಅಕ್ಕಪಕ್ಕದ ಹತ್ತಾರು ಕಾಲೇಜುಗಳು ಸೇರಿ 'ಕಾನ್ಫರೆನ್ಸ್' ಎಂಬ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಚಳಿಗಾಲವಿಡೀ ಒಬ್ಬರ ವಿರುದ್ಧ ಒಬ್ಬರು ಆಡುತ್ತಾರೆ, ಸಾಮಾನ್ಯವಾಗಿ ಎರಡು ಸಲ: ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. 1973ರಲ್ಲಿ ಹುಟ್ಟಿದ 'ಡಿವಿಷನ್ 3' ಎಂಬ ವರ್ಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಓದುವ ಹುಡುಗರೇ ಆಡಬೇಕು.

ಆ ವರ್ಗದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಇದೆ. ಹೆಸರಾಂತ ವಿಜ್ಞಾನ ಸಂಸ್ಥೆ, ನೊಬೆಲ್ ವಿಜ್ಞಾನಿಗಳ ಮನೆ. 1915ರಲ್ಲಿ ಐದು ಕಾಲೇಜುಗಳು ಸೇರಿ ಕಟ್ಟಿದ ದಕ್ಷಿಣ ಕ್ಯಾಲಿಫೋರ್ನಿಯಾದ ಕೂಟದಲ್ಲಿ, ಆಗ ಬೇರೆ ಹೆಸರಿನಲ್ಲಿದ್ದ ಇದೂ ಒಂದು. ಇದರ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 1985ರ ಜನವರಿಯಲ್ಲಿ ಕೂಟದ ಒಂದು ಪಂದ್ಯ ಗೆದ್ದಿತು. ಆಮೇಲೆ ಸೋಲಲು ಶುರುಮಾಡಿತು. ಸೋತೂ ಸೋತೂ, ಕೂಟದಲ್ಲಿ ಸತತ 310 ಪಂದ್ಯ ಸೋತಿತು. 2011ರ ಫೆಬ್ರುವರಿ 22ರಂದು, ಆ ಋತುವಿನ ಕೊನೆಯ ಪಂದ್ಯದಲ್ಲಿ, ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಸೋಲಿಸಿತು. ಗೆಲುವಿನ ಅಂಕ ಬಂದದ್ದು ಕೊನೆಯ ಕ್ಷಣಗಳಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿ ರಯಾನ್ ಎಲ್ಮ್‌ಕ್ವಿಸ್ಟ್ ಹಾಕಿದ ಫ್ರೀ ಥ್ರೋದಿಂದ.

ಈ ಕಥೆಯನ್ನು ಛಲದ ಕಥೆಯಾಗಿ ಹೇಳುವುದು ಸುಲಭ, ಹಾಗೆ ಹೇಳಿದವರೂ ಇದ್ದಾರೆ. ನನ್ನ ಮನಸ್ಸು ಮಾತ್ರ ಲೆಕ್ಕಕ್ಕೆ ಹೋಯಿತು. ವರ್ಷಕ್ಕೊಂದು ನಾಕೌಟ್ ಆಡುವ ನಮ್ಮ ಏರ್ಪಾಟಿನಲ್ಲಿ ಒಂದು ಕಾಲೇಜು 310 ಸೋಲು ಕೂಡಿಹಾಕಬೇಕಾದರೆ 310 ವರ್ಷ ಬೇಕು. ನಮ್ಮ ಬಡ ತಂಡಕ್ಕೆ ಗೆಲ್ಲುವುದಿರಲಿ, ಹೊಟ್ಟೆತುಂಬ ಸೋಲುವುದಕ್ಕೂ ಬಿಡುವಿಲ್ಲ. ಆ 26 ವರ್ಷಗಳಲ್ಲಿ ಕ್ಯಾಲ್‌ಟೆಕ್ಕಿಗೆ ಸೇರಿ, ನಾಲ್ಕು ವರ್ಷ ಆಡಿ, ಕೂಟದಲ್ಲಿ ಒಂದು ಗೆಲುವನ್ನೂ ಕಾಣದೆ ಪದವಿ ಪಡೆದು ಹೋದ ಹುಡುಗರ ತಲೆಮಾರುಗಳೇ ಇವೆ. ಅವರು ಸೋತರು, ನಿಜ. ಆದರೆ ಅವರ ಆಟ ನಾಲ್ಕು ವರ್ಷ ನಡೆಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋದರೆ ಅನ್ಯಾಯವಾಗುತ್ತದೆ. ಕ್ಯಾಲ್‌ಟೆಕ್ಕಿನ ಹುಡುಗನಿಗೆ ಆಟ ಸೋತರೂ ಪ್ರಯೋಗಾಲಯ ಇತ್ತು, ಕೆಲಸ ಕಾಯುತ್ತಿತ್ತು. ಅವನ ಸೋಲನ್ನು ಚಂದವಾಗಿ ಹೇಳಬಹುದು, ಸಾಕ್ಷ್ಯಚಿತ್ರ ಮಾಡಬಹುದು, ಮಾಡಿದರು ಕೂಡ. ಕಲ್ಯಾಣದುರ್ಗದ ಹುಡುಗನಿಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಒಂದು ಸರ್ಟಿಫಿಕೇಟು. ಸರ್ಟಿಫಿಕೇಟು ಇದ್ದರೆ ಸ್ಪೋರ್ಟ್ಸ್ ಕೋಟಾದ ಸಾಲಿನಲ್ಲಿ ನಿಲ್ಲಬಹುದು. ಅವನಿಗೆ ಆಟದ ಹಿಂದೆ ಹೊಟ್ಟೆಯೂ ಇದೆ. ಹೀಗಿರುವಾಗ ಸೋಲಿನ ಸೊಬಗಿನ ಬಗ್ಗೆ ಅವನಿಗೆ ಉಪದೇಶ ಮಾಡುವುದು ಉಂಡವನು ಉಪವಾಸದ ಮಹಿಮೆ ಹೇಳಿದ ಹಾಗೆ. ನಾನು ಕೇಳುತ್ತಿರುವುದು ಅವನಿಗೆ ಸಮಾಧಾನವಲ್ಲ, ಪಂದ್ಯಗಳು.

ಪಂದ್ಯ ಸಿಕ್ಕರೆ ಸಣ್ಣ ತಂಡದ ಬಲ ಹೊರಗೆ ಬರುತ್ತದೆ. ಬಲ ಇಲ್ಲದೆ ಇಲ್ಲ. ಡೀನ್ ಆಲಿವರ್ ಎಂಬಾತ ಇದೇ ಕ್ಯಾಲ್‌ಟೆಕ್ಕಿನಲ್ಲಿ ಎಂಜಿನಿಯರಿಂಗ್ ಓದಿದವರು. ಮುಂದೆ ಬ್ಯಾಸ್ಕೆಟ್‌ಬಾಲಿನ ಅಂಕಿಅಂಶವನ್ನೇ ಒಂದು ಶಾಸ್ತ್ರವನ್ನಾಗಿ ಮಾಡಿ 2004ರಲ್ಲಿ ಪುಸ್ತಕ ಬರೆದರು. ಪಂದ್ಯವನ್ನು ತೀರ್ಮಾನಿಸುವುದು ನಾಲ್ಕು ಸಂಗತಿ ಎಂಬುದು ಅವರ ಲೆಕ್ಕ: ಎಸೆತದ ಗುರಿ, ಚೆಂಡನ್ನು ಕಳೆದುಕೊಳ್ಳದಿರುವುದು, ರಿಂಗಿಗೆ ಬಡಿದು ಬಂದ ಚೆಂಡನ್ನು ಹಿಡಿಯುವುದು, ಫ್ರೀ ಥ್ರೋ. ಈ ನಾಲ್ಕರಲ್ಲಿ ಎತ್ತರ ನೇರವಾಗಿ ಬೇಕಾಗುವುದು ಮುಖ್ಯವಾಗಿ ಮೂರನೆಯದಕ್ಕೆ. ಫ್ರೀ ಥ್ರೋ ಅಂತೂ ಸಂಪೂರ್ಣ ಸಮಾನತೆಯ ಜಾಗ. ಬೋರ್ಡಿನಿಂದ 4.6 ಮೀಟರ್ ದೂರದ ಗೆರೆ, 3.05 ಮೀಟರ್ ಎತ್ತರದ ರಿಂಗು, ಅಡ್ಡ ಬರುವವರಿಲ್ಲ. ಮರದ ನೆಲವೂ ಬೇಡ, ಒಳಾಂಗಣವೂ ಬೇಡ. ಬೆಳಗಿನ ಬಸ್ಸಿಗೆ ಬೇಗ ಬಂದ ಹುಡುಗ ಒಬ್ಬನೇ ನಿಂತು ನೂರು ಸಲ ಹಾಕಬಹುದು. ಇನ್ನು ಏಳೇ ಜನ ಇರುವುದರಿಂದ ಯಾರು ಎಲ್ಲಿಗೆ ಓಡುತ್ತಾನೆ, ಯಾರ ಕೈ ಯಾವಾಗ ಸೋಲುತ್ತದೆ ಎಂಬುದು ಒಬ್ಬರಿಗೊಬ್ಬರಿಗೆ ಬಾಯಿಪಾಠ. ಚೆಂಡನ್ನು ನಿಧಾನಿಸಿ, ಆಟದ ವೇಗ ಇಳಿಸಿ, ವಲಯ ಕಟ್ಟಿ ತಡೆಯುವುದು ಇಂಥ ತಂಡಕ್ಕೆ ಒಗ್ಗುವ ಆಟ. 46–45 ಎಂಬ ಅಂಕಗಳನ್ನು ನೋಡಿದರೇ ಗೊತ್ತಾಗುತ್ತದೆ, ಅಂದು ಯಾರೂ ಅಬ್ಬರಿಸಿ ಗೆದ್ದಿರಲಾರರು.

ಆದರೆ ಇವೆಲ್ಲ ಎರಡು, ಮೂರು, ಹತ್ತು ಪಂದ್ಯ ಆಡುತ್ತ ಕೂಡಿಬರುವ ಬಲ. ಇದನ್ನು ಸೆಟ್ಟೂರಿನ ಒಣಬೇಸಾಯದವನಿಗೆ ಬಿಡಿಸಿ ಹೇಳಬೇಕಿಲ್ಲ. ಈ ವರ್ಷ ಕಡಲೆಕಾಯಿ ಕೈಕೊಟ್ಟರೆ ಮುಂದಿನ ಮುಂಗಾರಿಗೆ ಅದೇ ಹೊಲದಲ್ಲಿ ಮತ್ತೆ ಕೂರಿಗೆ ಹೂಡುತ್ತಾನೆ. ಆ ಹೊಲದ ಯಾವ ಮೂಲೆಯಲ್ಲಿ ತೇವ ನಿಲ್ಲುತ್ತದೆ ಎಂದು ಕಲಿತದ್ದು ಕೈಕೊಟ್ಟ ವರ್ಷಗಳಲ್ಲೇ. (ಕೆಲವರು ಬೆಂಗಳೂರಿನ ಬಸ್ಸು ಹತ್ತಿಬಿಡುತ್ತಾರೆ. ಅವರನ್ನು ದೂರುವುದು ನನ್ನಿಂದಾಗದು.)

ಒಂದೇ ಎದುರಾಳಿಯನ್ನು ಎರಡು ಸಲ ಎದುರಿಸುವುದರಲ್ಲಿ ಇನ್ನೂ ಒಂದು ಗುಣವಿದೆ. ನಾಕೌಟಿನಲ್ಲಿ ಎದುರಿನವನು ನನ್ನ ವರ್ಷವನ್ನು ಮುಗಿಸಲು ಬಂದ ಅಪರಿಚಿತ. ಅವನ ಮೇಲೆ ಸಿಟ್ಟು, ರೆಫ್ರಿಯ ಮೇಲೆ ಇನ್ನಷ್ಟು ಸಿಟ್ಟು. ಲೀಗಿನಲ್ಲಿ ಅವನು ಮುಂದಿನ ತಿಂಗಳು ನಮ್ಮೂರಿಗೆ ಬರುವವನು. ಅವನಿಗೆ ನೀರು ಕೊಡಬೇಕು, ಊಟಕ್ಕೆ ಕೂರಿಸಬೇಕು, ಅವನ ಎಡಗೈ ಎಸೆತವನ್ನು ಒಳಗೊಳಗೇ ಮೆಚ್ಚಬೇಕು. ಮತ್ತೆ ಮುಖ ನೋಡಬೇಕಾದವನ ಜೊತೆ ಮನುಷ್ಯ ಸ್ವಲ್ಪ ನೇರವಾಗಿ ನಡೆದುಕೊಳ್ಳುತ್ತಾನೆ.

ನಮ್ಮ ಗಡಿಯಲ್ಲಿ ಇದಕ್ಕೆ ಜನ ಇದ್ದಾರೆ. ಒಂದು ಕಡೆ ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ. ಇನ್ನೊಂದು ಕಡೆ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು. ಹೆಣ್ಣು ಕೊಟ್ಟು ತರುವ ಊರುಗಳು, ಜಾತ್ರೆಗೆ ಒಬ್ಬರ ಮನೆಗೊಬ್ಬರು ಹೋಗುವ ಊರುಗಳು. ಕಾಲೇಜಿನ ಅಂಕಣಕ್ಕೆ ಬಂದ ಕೂಡಲೇ ಇವು ಪರದೇಶ. ಪಾವಗಡ 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯಕ್ಕೆ, ಚಳ್ಳಕೆರೆ 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ, ಇತ್ತ ಕಡೆಯವು ಅನಂತಪುರಕ್ಕೆ. ಸೆಟ್ಟೂರಿನ ಹುಡುಗನೂ ಪಾವಗಡದ ಹುಡುಗನೂ ಅಧಿಕೃತವಾಗಿ ಎದುರುಬದುರು ಆಡಬೇಕಾದರೆ ಇಬ್ಬರೂ ತಂತಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕು, ಎರಡೂ ತಂಡ ದಕ್ಷಿಣ ವಲಯಕ್ಕೆ ಹೋಗಬೇಕು, ಅಲ್ಲಿ ಡ್ರಾದಲ್ಲಿ ಒಬ್ಬರಿಗೊಬ್ಬರು ಬೀಳಬೇಕು. ಸೋದರಮಾವನ ಊರಿನವನ ಜೊತೆ ಒಂದು ಪಂದ್ಯ ಆಡಲು ಚೆನ್ನೈಗೋ ಕೇರಳಕ್ಕೋ ಹೋಗಬೇಕಾದ ಪರಿಸ್ಥಿತಿ.

ಪೂರ್ತಿ ತಂಡ ಆಗದಿದ್ದರೆ ಮೂರು ಜನರ ಆಟವಿದೆ. ಟೋಕಿಯೊ ಒಲಿಂಪಿಕ್ಸಿನಿಂದ ಅದಕ್ಕೂ ಪದಕದ ಮರ್ಯಾದೆ ಬಂದಿದೆ. ಅರ್ಧ ಅಂಕಣ, ಒಂದೇ ರಿಂಗು, ಹತ್ತು ನಿಮಿಷ. ಮೂವರು ಆಡುವವರು, ಒಬ್ಬ ಬದಲಿ. ಎಂಟು ಜನರ ಕಾಲೇಜಿನಲ್ಲಿ ಎರಡು ತಂಡ ಎದ್ದು ನಿಲ್ಲುತ್ತವೆ. ಒಂದು ಮಧ್ಯಾಹ್ನದಲ್ಲಿ ಆರು ಕಾಲೇಜು ಒಬ್ಬರ ವಿರುದ್ಧ ಒಬ್ಬರು ಆಡಿ ಮುಗಿಸಬಹುದು. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಂದೊಂದು ಊರು. ಚೆಂಡು, ಸೀಟಿ, ಸುಣ್ಣ, ಬಸ್ ಚಾರ್ಜು. ಟ್ರೋಫಿ ಇಲ್ಲದಿದ್ದರೂ ನಡೆಯುತ್ತದೆ. ಟ್ರೋಫಿ ಕೊಡಲು ಮುಖ್ಯ ಅತಿಥಿಯನ್ನು ಕರೆದರೆ ಭಾಷಣಕ್ಕೇ ಅರ್ಧ ದಿನ ಹೋಗುತ್ತದೆ, ಕರೆಯದಿರುವುದು ಮೇಲು.

ಇದನ್ನು ಯಾವ ಪಿ.ಡಿ. ಸಾರ್ ಮುಂದೆ ಇಟ್ಟರೂ ಅವರು ಮೊದಲು ಕೇಳುವುದು ದುಡ್ಡಿನ ಬಗ್ಗೆ ಅಲ್ಲ. "ಭಾನುವಾರ ಅಂದ್ರೆ ಹುಡುಗರು ಹೊಲಕ್ಕೆ ಹೋಗ್ತಾರೆ, ಶನಿವಾರ ಇಟ್ಕೊಂಡ್ರೆ ಅಟೆಂಡೆನ್ಸ್ ಯಾರು ಕೊಡ್ತಾರೆ?" ಸರಿಯಾದ ಪ್ರಶ್ನೆ. ಶೇಕಡ 75 ಹಾಜರಾತಿಯ ನಿಯಮ ಎಲ್ಲ ಕಡೆಯೂ ಇದೆ. ವಿಶ್ವವಿದ್ಯಾಲಯದ ಪಂದ್ಯಾವಳಿಗೆ ಹೋದರೆ ಹಾಜರಿ ಸಿಗುತ್ತದೆ, ಪಾವಗಡದ ಹುಡುಗರ ಜೊತೆ ಆಡಿ ಬಂದರೆ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ವರ್ಷಕ್ಕೆ ನಾಲ್ಕು ಶನಿವಾರಗಳ ಮಟ್ಟಿಗೆ ಆರು ಪ್ರಾಂಶುಪಾಲರ ಆರು ಸಹಿ. ಅಷ್ಟಾದರೆ ಫೈನಲ್ ಇಯರಿನವನಿಗೂ ಸೋತ ಮೇಲೆ ಆಡಲು ಮೂರು ಶನಿವಾರ ಉಳಿಯುತ್ತವೆ.